ಅತ್ತೆಯ ಊಟದ ಪರೀಕ್ಷೆ

“ಆತ್ರಿ ಅಮ್ಮಾ, ನಿಮ್ದಾತೇನ್ರಿ?” ಎಂದು ಮೊಬೈಲ್ ಕೇಳಿದಾಗ, ಕುರುಗೋಡಿನಿಂದ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದ ಅತ್ತೆಯ ಮುಖ ಅರಳಿತು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅವರು ಮೊದಲು ಕೇಳುವುದೇ “ಊಟ ಆತೇನ್ರಿ?” ಎಂದು. ರೆಕಾರ್ಡ್ ಮಾಡಿದ ದನಿಯಾದರೆ ತನ್ನ ಪಾಡಿಗೆ ಒದರುತ್ತಲೇ ಇರುತ್ತದೆ. ಅತ್ತೆ ಕಟ್ ಮಾಡುತ್ತಾರೆ.

ಇದು ಉತ್ತರ ಕೊಟ್ಟಿತ್ತು. “ಮನುಷ್ಯಾರ ಅದಾರ ತಗೊ,” ಎಂದು ಅತ್ತೆ ಸ್ಪೀಕರ್ ಹಾಕಿದರು. ಯಂತ್ರದಿಂದ ಅಕ್ರಮವಾಗಿ ಕರೆ ಮಾಡಿಸುವವರಿಗೆ ಭಾರಿ ದಂಡ ಹಾಕಲು ದೂರಸಂಪರ್ಕ ನಿಯಂತ್ರಕರಿಗೆ ಹೊಸ ಕಾನೂನೊಂದು ಅಧಿಕಾರ ಕೊಟ್ಟಿದೆ, ನಿಮಗೆ ಅಂಥ ಕರೆ ಬರುವುದು ನಿಲ್ಲಬೇಕಾದರೆ ಒಂದನ್ನು ಒತ್ತಿ ಎಂದಿತು ಆ ಹೆಣ್ಣುದನಿ. ಅಂಥದ್ದೊಂದು ಕಾನೂನಿನ ಸುದ್ದಿಯನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಆದರೂ ಕಳ್ಳನೇ ಬಂದು ಬೀಗ ಮಾರಿದಂತೆ ಅನ್ನಿಸಿ, “ನಿಮ್ದು ಯಾವೂರ್ರಿ?” ಎಂದೆ.

“ಆತ್ರಿ ಅಮ್ಮಾ, ನಿಮ್ದಾತೇನ್ರಿ?” ಎಂದಿತು ಮತ್ತೆ, ಅದೇ ರಾಗದಲ್ಲಿ.

ಅತ್ತೆಯ ಬೆರಳು ಆಗಲೇ ಒಂದರ ಹತ್ತಿರವಿತ್ತು. ಫೋನ್ ಕಸಿದುಕೊಂಡೆ.

ಮರುದಿನ ಮಧ್ಯಾಹ್ನ ಸಿರುಗುಪ್ಪದಿಂದ ನನ್ನ ತಮ್ಮ ಹೊಸ ನಂಬರಿನಿಂದ ಕರೆ ಮಾಡಿ “ಊಟ ಆತೇನಕ್ಕಾ?” ಎಂದ. ದನಿ ಅವನದೇ. ಆದರೂ ನಾನು ಹೇಳಿದ್ದು, “ಮೊದ್ಲು ನಮ್ಮಪ್ಪನ ಹೆಸರು ಹೇಳು.”