ಹವಾ ಬದಲಿ

ಕಾಲುವೆ ನೀರು ಶಹಾಪುರದ ಹೊಲಗಳಿಗೆ ಬಂದಾಗ ಊರೆಲ್ಲ ಹಿಗ್ಗಿತು. ಆದರೆ ಸುತ್ತಲಿನ ಗದ್ದೆಗಳ ಥಂಡಿಗೆ ನಮ್ಮವ್ವನ ದಮ್ಮು ಹೆಚ್ಚಾಯಿತು. ಡಾಕ್ಟರು, "ಹವಾ ಬದಲಿ ಮಾಡ್ರಿ" ಅಂದರು. ಆ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಣ್ಣನ ಹಳೆಯ ಬಾಡಿಗೆ ಕಾರಿನಲ್ಲಿ ಮಹಾಬಳೇಶ್ವರಕ್ಕೆ ಹೋದೆವು. ಘಾಟಿನ ನೆತ್ತಿಯಲ್ಲಿ ಕಾರು ಕರಿ ಹೊಗೆ ಉಗುಳಿ ನಿಂತಿತು. ಮೇಲೆ ಗಾಳಿ ತೆಳು, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಬೀಳುತ್ತದೆ, ಅದಕ್ಕೇ ಉಸಿರು ಕಟ್ಟಿದೆ ಎಂದ ಅಲ್ಲಿನ ಮೆಕ್ಯಾನಿಕ್. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಇಳಿಯುವ ಜೆಟ್ ತೆಗೆದು ಸಣ್ಣ ತೂತಿನದನ್ನು ಹಾಕಿದ. ಹಳೆಯದನ್ನು ಅಣ್ಣನ ಕೈಗಿಟ್ಟು, ಕೆಳಗಿಳಿದ ಮೇಲೆ ಮತ್ತೆ ಇದನ್ನೇ ಹಾಕು ಎಂದ.

"ನೋಡವ್ವಾ, ಗಾಡಿಗೂ ದಮ್ಮು ಹತ್ತ್ಯಾದ," ಎಂದ ಅಣ್ಣ. ಅವ್ವ ನಗಲು ಹೋಗಿ ಕೆಮ್ಮಿದಳು.

ಅದೇ ವಾರ ಅಲ್ಲೇ ತೀರಿಕೊಂಡಳು.

ವಾಪಸು ಬರುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಜೆಟ್ ಬದಲಿಸುವುದು ಯಾರಿಗೆ ನೆನಪಿರಬೇಕು? ಬಯಲಿನ ದಪ್ಪ ಗಾಳಿಗೆ ಆ ಪೆಟ್ರೋಲ್ ಸಾಲದೆ ಕಾರು ದಾರಿಯುದ್ದಕ್ಕೂ ಕೆಮ್ಮಿತು. ಥೇಟ್ ಅವ್ವನ ಹಾಗೇ: ಖೊಕ್ ಖೊಕ್ ಎಂದು ತಡೆದು, ಮತ್ತೆ ಖೊಕ್. ನಾನು ಎರಡು ಸಲ ಬಗ್ಗಿ ಅವಳ ಮುಖ ನೋಡಿದೆ.

ಮನೆಯಲ್ಲಿದ್ದ ಕಣ್ಣು ಕಾಣದ ಅಜ್ಜಿಗೆ, ಅವ್ವನ ತಾಯಿಗೆ, ಸುದ್ದಿ ಮುಟ್ಟಿರಲಿಲ್ಲ. ಬೆಳಿಗ್ಗೆ ಕಾರು ಓಣಿಗೆ ತಿರುಗಿದ್ದೇ ತಡ, ಬಾಗಿಲಿಗೆ ಬಂದು ಕೂಗಿದಳು: "ಬಂದ್ಯಾ ಮಗಳ? ಹವಾ ಬದಲಿ ಮಾಡಿದ್ರೂ ಕೆಮ್ಮು ಹೋಗಿಲ್ಲಲ್ಲ! ಬಾ, ಜಳಕಕ್ಕ ನೀರು ಕಾದಾವ."

ಆ ನೀರನ್ನೇ ಅವ್ವನ ಮೈಗೆ ಹಾಕಿದೆವು.