ಶೇಂಗಾಕಾಯಿಯ ಸೈನ್ಯ

ಎಪ್ಪತ್ತೊಂದರ ಚಳಿಗಾಲ. ಶತ್ರುಗಳು ಪಶ್ಚಿಮದ ಗಡಿ ದಾಟಿ ಒಳನುಗ್ಗಿದ್ದರು. ನನ್ನ ಗಂಡ ಅಲ್ಲೇ ಸಿಪಾಯಿಯಾಗಿದ್ದರು. ಸಂಜೆಯಾದರೆ ಬಬಲೇಶ್ವರದ ನಮ್ಮ ಮನೆಯ ರೇಡಿಯೋ ಹೊರಗಿನ ಕಟ್ಟೆಗೆ ಹೋಗುತ್ತಿತ್ತು, ವಾರ್ತೆ ಕೇಳಲು ಓಣಿಯ ಗಂಡಸರೆಲ್ಲ ಸೇರುತ್ತಿದ್ದರು. ಕೇಳುವ ವ್ಯವಧಾನ ಒಬ್ಬರಿಗಾದರೂ ಬೇಕಲ್ಲ! ನನ್ನ ಗಂಡ ಇರುವ ಕಡೆಯ ಸುದ್ದಿಯೊಂದು ನನ್ನ ಕಿವಿಗೆ ಬೀಳಬೇಕಿತ್ತು, ಅಷ್ಟೆ.

ಅವತ್ತು ಮಾವನವರು ಕಟ್ಟೆಯ ಮೇಲೆ ತಂಬಿಗೆ ನೀರು ಸುರಿದು ಹೊಳೆ ಮಾಡಿದರು. ಅದರಾಚೆ ಶೇಂಗಾಕಾಯಿ ಸಾಲುಸಾಲಾಗಿ ಇಟ್ಟರು. ಅದು ನಮ್ಮ ಸೈನ್ಯ. ವಾರ್ತೆ ಆಗಲೇ ಶುರುವಾಗಿತ್ತು.

"ಹೊಳಿ ದಾಟಿ ಈ ಕಡೆ ಬಂದು ಕುಂದರಬೇಕ್ರಿ. ಅವ್ರು ನೀರಿಗಿಳದಾಗ ಹೊಡೀಬೇಕು," ಎಂದರು ಬಿಜಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪಕ್ಕದ ಮನೆಯವರು.

"ಒಂದ್ ಹೆಜ್ಜಿನೂ ಹಿಂದ ಬರಬಾರದು!" ಮಾವನವರು ಕಟ್ಟೆ ಗುದ್ದಿದರು. ರೇಡಿಯೋ ಯಾವುದೋ ಊರಿನ ಹೆಸರು ಹೇಳಿತು. ಗದ್ದಲದಲ್ಲಿ ಅದು ಮುಳುಗಿಹೋಯಿತು.

ಮಾವನ ಎದುರು ಸೊಸೆ ದನಿ ಎತ್ತುವ ರೂಢಿ ನಮ್ಮಲ್ಲಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಹಲ್ಲು ಕಚ್ಚಿ ಬಾಗಿಲ ಹಿಂದೆ ನಿಂತಿದ್ದೆ. ಮಾವನವರು ಮುಂದಿನ ಸಾಲಿನ ಕಾಯಿಗಳನ್ನು ಬೆರಳಿನಿಂದ ಆಚೆ ತಳ್ಳಿದರು.

"ಮುಂದಿನವ್ರು ಹ್ವಾದ್ರ ಹೋಗ್ಲಿ. ಹಿಂದಿನವ್ರು ತಡದು ನಿಲ್ಲತಾರ."

"ಮಾವಾರ, ಆ ಮುಂದಿನವ್ರೊಳಗ ನಿಮ್ಮ ಮಗಾನೂ ಅದಾರ್ರಿ!" ನಾನು ಹೊಸ್ತಿಲು ದಾಟಿ ಕೂಗಿಬಿಟ್ಟಿದ್ದೆ.

ಕಟ್ಟೆಗೆ ಕಟ್ಟೆಯೇ ಗಪ್ಪಾಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ರೇಡಿಯೋ ಸ್ಪಷ್ಟವಾಗಿ ಕೇಳಿಸಿತು. ವಾರ್ತೆ ಮುಗಿದಿತ್ತು. ಅದು ಶೇಂಗಾದ ಪೇಟೆ ಧಾರಣೆ ಹೇಳುತ್ತಿತ್ತು.