ಖತರ್ನಾಕ್ ಹೆಂಗಸಿನ ರೊಟ್ಟಿ

ಗೆಳತಿಯರೇ, ಠಾಣೆಯಿಂದ ಈಗಷ್ಟೇ ಬಂದೆ, ಇನ್ನೂ ಮೈಯೆಲ್ಲ ಉರಿಯುತ್ತಿದೆ. ನೆಲೋಗಿಯ ನಮ್ಮ ಪಕ್ಕದ ಮನೆಯ ನೀಲಮ್ಮ ನಿನ್ನೆ ತೊಗರಿ ಹೊಲದಲ್ಲಿ ತನ್ನ ಕೈ ಹಿಡಿದು ಎಳೆದವನ ತಲೆಗೆ ಕುಡುಗೋಲಿನ ಹಿಡಿಯಿಂದ ಬಾರಿಸಿದ್ದಳು. ಅವನೇ ಮೊದಲು ಓಡಿಹೋಗಿ ಫಿರ್ಯಾದು ಕೊಟ್ಟ. ಪೊಲೀಸರು ಬಂದು ಇವಳನ್ನು ಹಿಡಿದುಕೊಂಡು ಹೋದರು.

ಇವತ್ತು ಅವಳಿಗೆ ಬುತ್ತಿ ಕಟ್ಟಿಕೊಂಡು ಹೋದೆ. ನಿಜಾಮ ಸರ್ಕಾರದ ಆ ಠಾಣೆಯಲ್ಲಿ ಹೆಂಗಸರನ್ನು ಇಡುವ ಕೋಣೆಯೇ ಇಲ್ಲವಂತೆ. ಅದಕ್ಕೆ ಅಡುಗೆಮನೆಯಲ್ಲಿ ಕೂರಿಸಿದ್ದಾರೆ. ಸುಮ್ಮನೆ ಯಾಕೆ ಕೂತಿರಬೇಕೆಂದು ಪೊಲೀಸರಿಗೆಲ್ಲ ರೊಟ್ಟಿ ಬಡಿಯಲು ಹಚ್ಚಿದ್ದಾರೆ. ಪಡಸಾಲೆಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ಅದೇ ಫಿರ್ಯಾದಿ ಕೂತಿದ್ದಾನೆ, ಅವಳು ಬಡಿದ ರೊಟ್ಟಿಯನ್ನೇ ಉಣ್ಣುತ್ತಿದ್ದಾನೆ!

"ಸಾಹೇಬ್ರ, ಮೊದಲ ಕೈ ಹಿಡದಾಂವ ಅಂವಾರಿ. ಅವನ ಮ್ಯಾಲೆ ಕೇಸ್ ಇಲ್ಲೇನ್ರಿ?" ಎಂದು ಠಾಣೆಯ ಮುಖ್ಯ ಅಧಿಕಾರಿ ಅಮೀನರನ್ನು ಕೇಳಿದೆ.

"ತಲಿ ಒಡದದ್ದಕ್ಕ ರಕ್ತ ಅದ. ಕೈ ಹಿಡದದ್ದಕ್ಕ ಏನದ ಸಬೂತು?"

"ಆಕಿನ್ನ ಮನಿಗಿ ಬಿಡ್ರಿ. ಕೂಸು ಅಳಾಕತ್ತದ."

"ಬಿಡಾಕ ಬರಂಗಿಲ್ಲ. ಭಾಳ ಖತರ್ನಾಕ್ ಹೆಂಗಸು ಅದಾಳ."

ಅಷ್ಟರಲ್ಲಿ ಪಟ್ಟಿ ಕಟ್ಟಿಕೊಂಡವನು ಒಳಗೆ ಮುಖ ಮಾಡಿ ಕೂಗಿದ: "ಏ ನೀಲಮ್ಮ, ಇನ್ನೊಂದು ಬಿಸಿ ರೊಟ್ಟಿ ತಾ ಬೇ!"

ಅವಳ ಕುಡುಗೋಲನ್ನು ಜಪ್ತಿ ಮಾಡಿ, ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದಾರೆ. ಆ ಖತರ್ನಾಕ್ ಹೆಂಗಸು ಮಾತ್ರ ಒಳಗೆ, ಅವರೇ ಕೊಟ್ಟ ಈಳಿಗೆಯಲ್ಲಿ, ಅವರದೇ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದಾಳೆ.